ಎರಡು ವಿ72 ರ‍್ಯಾಕಿಗೆ ಹತ್ತಿದ ಕತೆ

ಜರ್ಮನಿಯಲ್ಲಿರುವ ಗೆಳೆಯ ಹಾಸನಕ್ಕೆ ಬಂದಾಗ ಎರಡು ವಿ72 ಪ್ರಿಆಂಪ್, ಅಂದರೆ ಮೈಕಿನ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಯಂತ್ರ, ತಂದುಕೊಟ್ಟ. 1950ರ ದಶಕದಲ್ಲಿ ಅಲ್ಲಿನ ರೇಡಿಯೊ ಕೇಂದ್ರಗಳಿಗೆ ಅಂತ ಮಾಡಿದ ವಾಲ್ವ್ (ಗಾಜಿನ ಬಲ್ಬಿನಂಥ ಹಳೆಯ ಎಲೆಕ್ಟ್ರಾನಿಕ್ ಭಾಗ) ಸಾಮಾನು. ಟೆಲಿಫಂಕನ್, ಸೀಮೆನ್ಸ್ ಎರಡೂ ಕಂಪನಿ ಮಾಡುತ್ತಿದ್ದವು. ಲಂಡನ್ನಿನ ಅಬೆ ರೋಡ್ ಸ್ಟುಡಿಯೊದ ರೆಡ್.37 ಕನ್ಸೋಲಿನಲ್ಲಿ (ಸದ್ದು ಬೆರೆಸುವ ಮೇಜು) ಇದ್ದದ್ದು ಇದೇ ಮನೆತನದ ವಿ72ಎಸ್. ಒಳಗೆ ಎರಡು ಇಎಫ್804ಎಸ್ ವಾಲ್ವ್, ಗೇನ್, ಅಂದರೆ ಸಿಗ್ನಲ್ ಏರಿಸುವ ಪ್ರಮಾಣ, 34 ಡಿಬಿ (ಡೆಸಿಬೆಲ್). ತಿರುಗಿಸೋಕೆ ಒಂದು ನಾಬ್ ಕೂಡ ಇಲ್ಲ.

ಪವರ್ ಸಪ್ಲೈ ಒಳಗೇ ಇದೆ. ಮೈಕ್ ಸಾಕೆಟ್, ಕಂಡೆನ್ಸರ್ ಮೈಕಿಗೆ ಅದರ ಕೇಬಲ್ಲಿನಲ್ಲೇ ಕರೆಂಟು ಕೊಡುವ 48 ವೋಲ್ಟ್ ಫ್ಯಾಂಟಮ್, ಸಿಗ್ನಲ್ ತಗ್ಗಿಸುವ ಒಂದು ಪ್ಯಾಡ್ ಸೇರಿಸಿ ಡಬ್ಬಿಗೆ ಹಾಕಿದರೆ ಮುಗೀತು ಅಂದುಕೊಂಡೆ.

ಡಬ್ಬಿಯಲ್ಲೇ ಎಡವಿದೆ. ಸ್ಟುಡಿಯೊ ಸಾಮಾನನ್ನು ಎರಡು ಕಂಬಗಳ ನಡುವೆ ಒಂದರ ಮೇಲೊಂದು ಕೂರಿಸುವ ಚೌಕಟ್ಟೇ ರ‍್ಯಾಕು; ಅದರ ಎತ್ತರದ ಅಳತೆ ಯು. 3ಯು ಎತ್ತರ, 19 ಇಂಚು ಅಗಲ ಅಂತ ಬರೆದುಕೊಟ್ಟೆ. ಫ್ಯಾಬ್ರಿಕೇಶನ್ ಅಂಗಡಿಯವರು ಇಡೀ ಡಬ್ಬಿಯನ್ನೇ 19 ಇಂಚಿಗೆ ಮಡಚಿದ್ದರು. 19 ಇಂಚು, ಅಂದರೆ 482.6 ಮಿ.ಮೀ., ಮುಂದಿನ ಫಲಕಕ್ಕೆ ಮಾತ್ರ. ಕಂಬಗಳ ನಡುವೆ ತೂರುವ ಡಬ್ಬಿ 440ರ ಆಸುಪಾಸಿನಲ್ಲಿರಬೇಕು. "ಸಾರ್, ನೀವೇ ಅಲ್ವಾ ಬರೆದದ್ದು?" ಅಂದರು. ನಾನೇ. ಇನ್ನೊಂದು ಶೀಟಿಗೆ ದುಡ್ಡು ಕೊಟ್ಟೆ.

ಇಷ್ಟು ಹಳೆಯದನ್ನು ನೇರವಾಗಿ ಕರೆಂಟಿಗೆ ಚುಚ್ಚಬಾರದು. ರಿಪೇರಿ ಅಂಗಡಿಗಳಲ್ಲಿ ಇರುತ್ತಲ್ಲ, ಸೀರೀಸ್ ಬೋರ್ಡ್, ಕರೆಂಟು ಬಲ್ಬಿನ ಮೂಲಕವೇ ಹಾದು ಹೋಗುವಂಥದ್ದು, ಅದರಲ್ಲಿ 60 ವಾಟಿನ ಬಲ್ಬ್ ಹಾಕಿ ಕರೆಂಟು ಕೊಟ್ಟೆ. ಬಲ್ಬ್ ಝಗ್ಗೆಂದು ಹತ್ತಿ ಮಂಕಾಯಿತು. ಜೀವ ಬಂತು. ಹಾಗೇ ಉರಿಯುತ್ತಿದ್ದರೆ ಒಳಗೆ ಎಲ್ಲೋ ಶಾರ್ಟ್ ಅಂತ ಅರ್ಥ.

ಮುಂದಿನ ತಲೆನೋವು ವೋಲ್ಟೇಜು. ಇವು 220 ವೋಲ್ಟಿಗೆ ಮಾಡಿದವು. ನಮ್ಮ ಬೀದಿಯಲ್ಲಿ ರಾತ್ರಿ 240 ಇರುತ್ತದೆ. ನಾನು ರೆಕಾರ್ಡ್ ಮಾಡೋದೂ ಬಿ.ಎಂ. ರಸ್ತೆಯ ಸದ್ದು ಅಡಗಿದ ಮೇಲೆಯೇ. 6.3 ಇರಬೇಕಾದ ಹೀಟರ್ (ವಾಲ್ವನ್ನು ಒಳಗಿನಿಂದ ಕಾಯಿಸುವ ತಂತಿ) ವೋಲ್ಟೇಜು ಆಗ 6.9ರ ಹತ್ತಿರ ಹೋಗುತ್ತಿತ್ತು. ವಾಲ್ವಿನ ಆಯಸ್ಸು ತಿನ್ನೋದು ಇದೇ. 18 ವೋಲ್ಟಿನ ಟ್ರಾನ್ಸ್‌ಫಾರ್ಮರ್ ತಂದು, ಅದರ ಸೆಕೆಂಡರಿಯನ್ನು (18 ವೋಲ್ಟ್ ಹೊರಬರುವ ಸುತ್ತು) ಮೇನ್ಸಿನ ಜೊತೆ ಉಲ್ಟಾ ಸೇರಿಸಿದೆ. 240ರಲ್ಲಿ 18 ಕಳೆದು 222. ಮೊದಲ ಸಲ ತಂತಿ ಅದಲುಬದಲಾಗಿ 258 ತೋರಿಸಿತು. ಮೀಟರ್ ಇಟ್ಟು ನೋಡಿದ್ದಕ್ಕೆ ಬಚಾವು. ಹಗಲು ವೋಲ್ಟೇಜು ತಾನೇ ಇಳಿಯುತ್ತದೆ, ಅದಕ್ಕೊಂದು ಬೈಪಾಸ್ ಸ್ವಿಚ್ ಇದೆ.

ಎಲ್ಲ ಕೂರಿಸಿ ಹೆಡ್‌ಫೋನ್ ಹಾಕಿದರೆ ಗುಂಯ್ ಅಂತ ಹಮ್. ಮೈಕ್ ಜಾಗದಲ್ಲಿ 150 ಓಮ್ ರೆಸಿಸ್ಟರ್ ಬೆಸೆದ ಪ್ಲಗ್ ಚುಚ್ಚಿ, ಕಂಪ್ಯೂಟರಿನಲ್ಲಿ ನೋಡಿದೆ. ಮೇನ್ಸಿನ 50 ಹರ್ಟ್ಸ್ ಎದ್ದು ನಿಂತಿತ್ತು, 100 ಇದ್ದೂ ಇಲ್ಲದ ಹಾಗೆ. 100 ಜಾಸ್ತಿ ಇದ್ದಿದ್ದರೆ ಪವರ್ ಸಪ್ಲೈಯ ಫಿಲ್ಟರ್ ಕಂಡೆನ್ಸರ್ ಮೇಲೆ ಅನುಮಾನ ಪಡುತ್ತಿದ್ದೆ. ಬರೀ 50 ಅಂದರೆ ಯಾವುದೋ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ, ಇಲ್ಲವೇ ಅರ್ಥಿಂಗು. ಫ್ಯಾಂಟಮ್‌ಗೆ ಹಾಕಿದ್ದ ಟ್ರಾನ್ಸ್‌ಫಾರ್ಮರಿನ ಸ್ಕ್ರೂ ಬಿಚ್ಚಿದೆ. ತುದಿಗಳಿಗೆಲ್ಲ ಟೇಪ್ ಸುತ್ತಿ, ಪ್ಲಾಸ್ಟಿಕ್ ಸ್ಕೇಲಿನಿಂದ ಮೆಲ್ಲಗೆ ತಿರುಗಿಸುತ್ತಾ ಕೇಳಿದೆ. ಗುಂಯ್ ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು. ಹೆಚ್ಚುಕಡಿಮೆ 90 ಡಿಗ್ರಿಗೆ ಬಂದಾಗ ಕೇಳಿಸಲೇ ಇಲ್ಲ. ಸ್ವಲ್ಪ ಮುಂದೆ ಹೋದರೆ ಮತ್ತೆ ಹಾಜರ್! ಕಳ್ಳ ಅದೇ. ಹೊರಗಿನಿಂದ ತಂದ ಎರಡೂ ಟ್ರಾನ್ಸ್‌ಫಾರ್ಮರುಗಳನ್ನು ಬೇರೆ ಡಬ್ಬಿಗೆ ಹಾಕಿ ರ‍್ಯಾಕಿನ ತಳಕ್ಕೆ ಕಳಿಸಿದೆ. ಮೊದಲೇ ಮಾಡಬೇಕಿದ್ದ ಕೆಲಸ.

ಉಳಿದ ಜಿರ್ ಸದ್ದು ಮೈಕ್ ಸಾಕೆಟ್ಟಿನ ಒಂದನೇ ಪಿನ್ನಿನದು, ಅಂದರೆ ಕೇಬಲ್ಲಿನ ಶೀಲ್ಡ್ ಸೇರುವ ಪಿನ್ನಿನದು. ಅಲ್ಲಿಂದ ಉದ್ದ ತಂತಿ ಎಳೆದಿದ್ದೆ. ಅದನ್ನು ಕಿತ್ತು, ಡಬ್ಬಿಯ ಬಣ್ಣದ ಪೌಡರ್ ಕೋಟ್ ಕೆರೆದು, ಸಾಕೆಟ್ ಪಕ್ಕದಲ್ಲೇ ಡಬ್ಬಿಗೆ ಬಿಗಿದೆ. ಮನೆಯ ಅರ್ಥಿಂಗ್ ಕೂಡ ಸತ್ತಿತ್ತು. ಎಲೆಕ್ಟ್ರಿಷಿಯನ್ ಅಣ್ಣ ಹೊಸ ಗುಂಡಿ ತೋಡಿ ಉಪ್ಪು, ಇದ್ದಿಲು ತುಂಬಿದರು. ಬೇಸಿಗೆಯಲ್ಲಿ ನಾನೇ ಒಂದೊಂದು ಬಿಂದಿಗೆ ನೀರು ಹುಯ್ಯುತ್ತೇನೆ.

ಫ್ಯಾಂಟಮ್‌ನ 6.81 ಕಿಲೊಓಮ್ ರೆಸಿಸ್ಟರುಗಳನ್ನು ಅಳೆದು ಜೋಡಿ ಮಾಡಿದೆ. ಎರಡರಲ್ಲಿ ವ್ಯತ್ಯಾಸವಿದ್ದರೆ ಇನ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಡಿಸಿ (ಒಂದೇ ದಿಕ್ಕಿನ ಕರೆಂಟು) ಹರಿದು ಅದರ ಕೋರ್ ಮ್ಯಾಗ್ನೆಟ್ ಆಗುತ್ತದೆ.

ಮೊದಲು ರೆಕಾರ್ಡ್ ಮಾಡಿದ್ದು ಅಮ್ಮನ ಸೋಬಾನೆ ಪದ. ಮದುವೆಮನೆಯಲ್ಲಿ ಹಾಡಿ ಪಳಗಿದ ಗಂಟಲು. ಕಂಡೆನ್ಸರ್ ಮೈಕಿಗೆ 34 ಡಿಬಿ ಜಾಸ್ತಿಯಾಗಿ ಎರಡನೇ ಸಾಲಿಗೇ ದನಿ ಒಡೆಯಿತು. 20 ಡಿಬಿ ಪ್ಯಾಡ್ ಹಾಕಿ ಮತ್ತೆ ಹಾಡಿಸಿದೆ. ಮುಗಿದ ಮೇಲೆ ಅಮ್ಮ, "ಈಗ ಫ್ಯಾನ್ ಹಾಕ್ಲೇನೋ?" ಅಂದಳು. ಅದೂ ರೆಕಾರ್ಡ್ ಆಗಿದೆ.