ಸಣ್ಣ ಅನಿಮೇಷನ್ ಸ್ಟುಡಿಯೊ ಬೆಳೆಸುವುದು ಹೇಗೆ? ಲಂಡನ್ನಿನ ಬ್ಲೂ ಝೂ ಇಟ್ಟ ಹೆಜ್ಜೆಗಳು

ಪರದೆಯ ಮೇಲೆ ಹಸಿರು ಘನಗಳು ನಾಲ್ಕು, ಒಂದರ ಮೇಲೊಂದು ಕಂಬದಂತೆ ನಿಂತಿವೆ. ತುದಿಯ ಘನಕ್ಕೆ ಕಣ್ಣು, ಬಾಯಿ. ಅದರ ಹೆಸರೇ ನಾಲ್ಕು. ಆ ಕಂಬ ಸರಕ್ಕನೆ ಮಡಚಿಕೊಂಡು ಎರಡರ ಮೇಲೆ ಎರಡಾಗಿ ಚೌಕವಾಗುತ್ತದೆ. ತಾನು ಚೌಕ ಎಂಬ ಸಂಭ್ರಮ ಅದರ ಮುಖದಲ್ಲಿ ತುಳುಕುತ್ತದೆ. ಇದನ್ನು ನೋಡಿದ ಮರುದಿನ ಐದು ವರ್ಷದ ನನ್ನ ಮಗಳು ಜಗುಲಿಯಲ್ಲಿ ಹುಣಸೆ ಬೀಜ ಜೋಡಿಸುತ್ತ ಕುಳಿತಿದ್ದಳು. ನಾಲ್ಕು ಬೀಜ ಚೌಕವಾಯಿತು. ಐದು ಆಗಲಿಲ್ಲ. ಆರು, ಏಳು, ಎಂಟೂ ಆಗಲಿಲ್ಲ. ಒಂಬತ್ತಕ್ಕೆ ಬಂದಾಗ ಅಡುಗೆಮನೆಗೆ ಓಡಿ ಬಂದು ನನ್ನ ಕೈ ಹಿಡಿದು ಎಳೆದಳು. ವರ್ಗಸಂಖ್ಯೆ ಎಂಬ ಮಾತನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಈ ‘ನಂಬರ್‌ಬ್ಲಾಕ್ಸ್’ ಸರಣಿ ತಯಾರಾದದ್ದು ಲಂಡನ್ನಿನ ಬ್ಲೂ ಝೂ ಎಂಬ ಸ್ವತಂತ್ರ ಸ್ಟುಡಿಯೊದಲ್ಲಿ. 2017ರಲ್ಲಿ ಬಿಬಿಸಿಯ ಪುಟ್ಟ ಮಕ್ಕಳ ವಾಹಿನಿ ಸಿಬೀಬೀಸ್‌ನಲ್ಲಿ ಶುರುವಾಗಿ, ಯೂಟ್ಯೂಬ್ ಹಿಡಿದು ನಮ್ಮ ಮನೆಗಳಿಗೂ ಬಂತು. ನಾನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೆಂಗಳೂರಿನಲ್ಲಿ ಕುಳಿತು ಬೇರೆ ದೇಶದವರ ಪಾತ್ರಗಳನ್ನು ನಡೆಸಿದವಳು, ಓಡಿಸಿದವಳು. ಸ್ವಂತ ಸ್ಟುಡಿಯೊ ಕಟ್ಟುವುದು ಹೇಗೆಂದು ಕೇಳಿಕೊಂಡು ಬರುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇದೇ ಸ್ಟುಡಿಯೊದ ಕಥೆ.

ಮೊದಲು ಜೊತೆಗಾರರು

ಬ್ಲೂ ಝೂ ಹುಟ್ಟಿದ್ದು 2000ದಲ್ಲಿ. ಆಡಂ ಶಾ, ಆಲಿ ಹಯಾಟ್, ಟಾಮ್ ಬಾಕ್ಸ್ ಅವರ ಗೆಳೆತನ ಕುದುರಿದ್ದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬೋರ್ನ್‌ಮತ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ 1989ರಿಂದಲೂ ಕಂಪ್ಯೂಟರ್ ಅನಿಮೇಷನ್‌ಗೆಂದೇ ರಾಷ್ಟ್ರೀಯ ಕೇಂದ್ರವಿದೆ. ಚಿತ್ರ ಬರೆಯುವವರನ್ನೂ ಪ್ರೋಗ್ರಾಂ ಬರೆಯುವವರನ್ನೂ ಒಂದೇ ಸೂರಿನಡಿ ಕೂರಿಸುವುದು ಅದರ ಹೆಚ್ಚುಗಾರಿಕೆ. ಪಾಲುದಾರರನ್ನು ಆರಿಸುವಾಗ ಇದನ್ನು ಮರೆಯಬೇಡಿ. ಮೂವರೂ ಚೆನ್ನಾಗಿ ಅನಿಮೇಟ್ ಮಾಡಬಲ್ಲವರಾಗಿದ್ದು, ಲೆಕ್ಕಪತ್ರ ನೋಡುವವರಾಗಲಿ ಕೆಟ್ಟ ಕಂಪ್ಯೂಟರ್ ಸರಿಪಡಿಸುವವರಾಗಲಿ ಒಬ್ಬರೂ ಇಲ್ಲದಿದ್ದರೆ ಆರು ತಿಂಗಳಿಗೇ ಉಸಿರು ಕಟ್ಟುತ್ತದೆ.

ಚಿಕ್ಕ ಕಥೆ, ಆದರೆ ನಿಮ್ಮದೇ ಕಥೆ

ಬಾಡಿಗೆ ಕಟ್ಟಲು ಹೊರಗಿನ ಕೆಲಸ ಬೇಕೇ ಬೇಕು. ಜಾಹೀರಾತು ಬಂದರೆ ಮಾಡಿ, ವಾಹಿನಿಯ ಲೋಗೊ ಕುಣಿಸಬೇಕೆಂದರೆ ಕುಣಿಸಿ. ಅದರ ನಡುವೆಯೇ ನಿಮ್ಮದೊಂದು ಪಾತ್ರವನ್ನು ಸಾಕಿಕೊಳ್ಳಿ. ಬ್ಲೂ ಝೂ ತಂಡ ಸಾಕಿಕೊಂಡಿದ್ದು ಮೂವರು ತುಂಟ ಕಡಲ್ಗಳ್ಳರನ್ನು. ಇವರು ಹುಡುಕುವುದು ಚಿನ್ನವನ್ನಲ್ಲ, ಒಳಚಡ್ಡಿಗಳನ್ನು! ‘ದೋಸ್ ಸ್ಕರ್ವಿ ರಾಸ್ಕಲ್ಸ್’ ಎಂಬ ಈ ಪುಟ್ಟ ಪುಟ್ಟ ಕಂತುಗಳು 2005ರಲ್ಲಿ ನಿಕಲೋಡಿಯನ್‌ನಲ್ಲಿ ಬಂದವು. ಹೊಸಬರ ಕೈಗೆ ಯಾವ ವಾಹಿನಿಯೂ ಒಮ್ಮೆಗೇ ಅರ್ಧ ಗಂಟೆಯ ಸರಣಿ ಕೊಡುವುದಿಲ್ಲ. ಚಿಕ್ಕ ಕಂತುಗಳಾದರೆ ಕೊಡುವವರಿಗೂ ಭಯವಿಲ್ಲ, ಮಾಡುವವರೂ ಸಾಲಕ್ಕೆ ಬೀಳುವುದಿಲ್ಲ.

ಸಹಿ ಹಾಕುವ ಮೊದಲು ಹಕ್ಕಿನ ಪುಟ ಓದಿ

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಬ್ರಿಟನ್ನಿನ ಸ್ವತಂತ್ರ ಸ್ಟುಡಿಯೊಗಳ ಬೆಳವಣಿಗೆಯ ಬೇರು ಇರುವುದು ಕಂಪ್ಯೂಟರಿನಲ್ಲಲ್ಲ, ಕಾನೂನಿನಲ್ಲಿ.

ಎರಡು ಕಾಯ್ದೆಗಳನ್ನು ನೆನಪಿಡಬೇಕು. 1990ರ ಪ್ರಸಾರ ಕಾಯ್ದೆಯು ವಾಹಿನಿಗಳು ತಮ್ಮ ಕಾರ್ಯಕ್ರಮಗಳ ಶೇ 25ರಷ್ಟನ್ನು ಹೊರಗಿನ ಸ್ವತಂತ್ರ ನಿರ್ಮಾಪಕರಿಗೆ ಬಿಟ್ಟುಕೊಡಬೇಕೆಂದು ವಿಧಿಸಿತು. ಬಿಬಿಸಿಯೂ ಇದಕ್ಕೆ ಹೊರತಾಗಿರಲಿಲ್ಲ. 2003ರ ಸಂವಹನ ಕಾಯ್ದೆ ಇನ್ನೂ ಮುಂದೆ ಹೋಯಿತು. ಸ್ವತಂತ್ರ ನಿರ್ಮಾಪಕರೊಂದಿಗೆ ಹೇಗೆ ವ್ಯವಹರಿಸುತ್ತೇವೆ ಎಂಬ ಸಂಹಿತೆಯನ್ನು ಸಾರ್ವಜನಿಕ ಪ್ರಸಾರ ವಾಹಿನಿಗಳು ಬರೆದಿಡಬೇಕಾಯಿತು. ಅದರ ಫಲವಾಗಿ ವಾಹಿನಿ ಕೊಳ್ಳುವುದು ಪ್ರಸಾರದ ಪರವಾನಗಿಯನ್ನು ಮಾತ್ರ ಎಂಬ ರೂಢಿ ಬಲವಾಯಿತು. ಆ ವ್ಯವಸ್ಥೆಯಲ್ಲಿ ಪಾತ್ರ ನಿರ್ಮಾಪಕರ ಬಳಿಯೇ ಉಳಿಯುತ್ತದೆ. ಬೇರೆ ದೇಶಕ್ಕೆ ಮಾರಾಟವಾದರೆ, ಗೊಂಬೆಯೋ ಪುಸ್ತಕವೋ ಆದರೆ, ಅದರ ಆದಾಯದಲ್ಲಿ ಪಾಲು ಬರುತ್ತದೆ. ಹೊಲ ಗೇಣಿಗೆ ಕೊಟ್ಟರೂ ಪಹಣಿಯಲ್ಲಿ ಹೆಸರು ನಮ್ಮದೇ ಇದ್ದಂತೆ.

ಇದರ ಬೆಲೆ ನನಗೆ ಗೊತ್ತಾದದ್ದು ಕಳೆದುಕೊಂಡ ಮೇಲೆ. ಗೆಳತಿಯೊಬ್ಬಳೂ ನಾನೂ ಮೂರು ತಿಂಗಳು ರಾತ್ರಿ ಕುಳಿತು ರೂಪಿಸಿದ ನವಿಲಿನ ಪಾತ್ರವೊಂದನ್ನು ಒಬ್ಬ ನಿರ್ಮಾಪಕರಿಗೆ ತೋರಿಸಿ, ಮಾದರಿ ಕಂತಿನ ಖುಷಿಯಲ್ಲಿ ಕರಾರಿಗೆ ಸಹಿ ಹಾಕಿದೆವು. ಸರಣಿ ಆಗಲೇ ಇಲ್ಲ. ನವಿಲೂ ನಮ್ಮದಾಗಿ ಉಳಿಯಲಿಲ್ಲ. ಇಂದಿಗೂ ಅದರ ಮೊದಲ ರೇಖಾಚಿತ್ರ ನನ್ನ ಮೇಜಿನ ಖಾನೆಯಲ್ಲಿದೆ. ಆದ್ದರಿಂದ ಕರಾರಿನಲ್ಲಿ ಮೂರು ಸಂಗತಿಗಳನ್ನು ಹುಡುಕಿ: ಪಾತ್ರದ ಒಡೆತನ ಯಾರದ್ದು, ಪರವಾನಗಿ ಎಷ್ಟು ವರ್ಷದ್ದು, ಕೆಲಸ ಅರ್ಧಕ್ಕೆ ನಿಂತರೆ ಹಕ್ಕು ಯಾರಿಗೆ ಮರಳುತ್ತದೆ. ಮೂರನೆಯದನ್ನು ನಾವು ಕೇಳಿರಲಿಲ್ಲ.

ಕೈಗೆ ನಿಲುಕುವ ಪಾತ್ರ ಬರೆಯಿರಿ

ಒಂದು ಲೆಕ್ಕ ಹಾಕಿ. ಬ್ರಿಟನ್ನಿನ ಟಿವಿಯಲ್ಲಿ ಸೆಕೆಂಡಿಗೆ 25 ಚಿತ್ರ. ಐದು ನಿಮಿಷದ ಕಂತಿಗೆ 7,500 ಚಿತ್ರ. ಬೆಳಕು, ನೆರಳು ಲೆಕ್ಕ ಹಾಕಿ ಒಂದು ಚಿತ್ರವನ್ನು ಮುಗಿಸಲು, ಅಂದರೆ ರೆಂಡರ್ ಮಾಡಲು, ಕಂಪ್ಯೂಟರಿಗೆ 10 ನಿಮಿಷ ಬೇಕೆಂದುಕೊಳ್ಳಿ. ಒಟ್ಟು 1,250 ಗಂಟೆ. ಒಂದೇ ಯಂತ್ರವಿದ್ದರೆ 52 ದಿನ ಹಗಲೂ ರಾತ್ರಿ ಓಡಬೇಕು. 50 ಯಂತ್ರಗಳಿದ್ದರೆ ಒಂದು ದಿನದ ಮೇಲೆ ಒಂದು ಗಂಟೆ. ಪಾತ್ರಕ್ಕೆ ಗುಂಗುರು ಕೂದಲು, ಗಾಳಿಗೆ ಹಾರುವ ಸೆರಗು ಕೊಟ್ಟಿರೋ, ಹತ್ತು ನಿಮಿಷ ಒಂದು ಗಂಟೆಯಾಗುತ್ತದೆ.

ಈಗ ನಂಬರ್‌ಬ್ಲಾಕ್ಸ್ ನೋಡಿ. ಪಾತ್ರಗಳೆಲ್ಲ ಘನಗಳೇ. ಕೂದಲಿಲ್ಲ, ಬಟ್ಟೆಯಿಲ್ಲ. ಇದನ್ನು ಬರಿಯ ಉಳಿತಾಯ ಎಂದುಕೊಂಡರೆ ತಪ್ಪು. ಒಂದು ಘನಕ್ಕೆ ಒಂದು ಎಣಿಕೆ ಎಂಬ ಗಣಿತವೇ ಆ ರೂಪವನ್ನು ಬೇಡುತ್ತದೆ. ಕೆಂಪು ಬಣ್ಣದ ಒಂದು ಹಾರಿ ಕಿತ್ತಳೆ ಬಣ್ಣದ ಎರಡನ್ನು ಸೇರಿದೊಡನೆ ಹಳದಿ ಬಣ್ಣದ ಮೂರು ನಿಂತಿರುತ್ತದೆ. ಕೂಡುವುದೆಂದರೇನು ಎಂಬುದು ಮಗುವಿನ ಕಣ್ಣಿಗೇ ಕಂಡುಬಿಡುತ್ತದೆ. ಏಳಕ್ಕೆ ಕಾಮನಬಿಲ್ಲಿನ ಏಳು ಬಣ್ಣ. ಒಂಬತ್ತಕ್ಕೆ ಬೂದು ಬಣ್ಣದ ಮೂರು ಛಾಯೆ, ಮೂರು ಮೂರಲೆ ಒಂಬತ್ತು ಎಂಬುದು ಅದರ ಮೈಮೇಲೆಯೇ ಬರೆದಂತೆ. ಇದಕ್ಕಿಂತ ಮೊದಲು, 2010ರಲ್ಲಿ, ಜೋ ಎಲಿಯಟ್ ಅವರ ಕಲ್ಪನೆಯ ‘ಆಲ್ಫಾಬ್ಲಾಕ್ಸ್’ ಬಂದಿತ್ತು. ಅದರಲ್ಲಿ ಇಂಗ್ಲಿಷಿನ 26 ಅಕ್ಷರಗಳು ಕೈ ಕೈ ಹಿಡಿದರೆ ಪದ ಹುಟ್ಟಿ, ಆ ಪದದ ವಸ್ತು ಕಣ್ಣೆದುರು ಬರುತ್ತದೆ. ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲು ಕೇಳುವ ಪ್ರಶ್ನೆ ಇದರಿಂದಲೇ ಬಂದದ್ದು: ನಿಮ್ಮ ಪಾತ್ರದ ಆಕಾರವೇ ಕಥೆ ಹೇಳುತ್ತದೆಯೇ?

ಒಟ್ಟಾಗಿ ಬಾಗಿಲು ತಟ್ಟಿ

ಕೆಲವು ಕಷ್ಟಗಳು ಒಂದು ಸ್ಟುಡಿಯೊದ ಕೈಯಲ್ಲಿ ಬಗೆಹರಿಯುವುದಿಲ್ಲ. 2006ರಲ್ಲಿ ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್, ಮಕ್ಕಳ ಕಾರ್ಯಕ್ರಮಗಳ ನಡುವೆ ಜಂಕ್ ಆಹಾರದ ಜಾಹೀರಾತು ಕೂಡದೆಂದು ತೀರ್ಮಾನಿಸಿತು. ಮಕ್ಕಳ ಆರೋಗ್ಯಕ್ಕೆ ಅದು ಸರಿಯಾದ ನಿರ್ಧಾರ. ಆದರೆ ಜಾಹೀರಾತನ್ನೇ ನೆಚ್ಚಿದ್ದ ಖಾಸಗಿ ವಾಹಿನಿ ಐಟಿವಿ ಹೊಸ ಮಕ್ಕಳ ಕಾರ್ಯಕ್ರಮಗಳಿಗೆ ಹಾಕುವ ಹಣವನ್ನು ಕಡಿಮೆ ಮಾಡಿತು. ಇತ್ತ ತೆರಿಗೆ ರಿಯಾಯಿತಿ ಕೊಡುತ್ತಿದ್ದ ಐರ್ಲೆಂಡ್, ಕೆನಡಾದಂಥ ದೇಶಗಳಿಗೆ ಕೆಲಸ ಹರಿದುಹೋಗುತ್ತಿತ್ತು. ಆಗ ‘ಅನಿಮೇಷನ್ ಯುಕೆ’ ಎಂಬ ಹೆಸರಿನಲ್ಲಿ ಸ್ಟುಡಿಯೊಗಳು ಒಗ್ಗೂಡಿ ಸರ್ಕಾರದ ಮುಂದೆ ಹೋದವು. ಮುಂದಾಳಾಗಿ ನಿಂತವರು ಬ್ಲೂ ಝೂದ ಆಲಿ ಹಯಾಟ್. 2012ರ ಬಜೆಟ್‌ನಲ್ಲಿ ಘೋಷಣೆಯಾಯಿತು, 2013ರ ಏಪ್ರಿಲ್ 1ರಿಂದ ಅನಿಮೇಷನ್ ತೆರಿಗೆ ರಿಯಾಯಿತಿ ಜಾರಿಗೆ ಬಂತು. ಪ್ರತಿಸ್ಪರ್ಧಿಗಳೆಲ್ಲ ಒಂದೇ ಮೇಜಿಗೆ ಬರದಿದ್ದರೆ ಇದು ಆಗುತ್ತಿರಲಿಲ್ಲ ಎಂದೇ ನಾನು ನಂಬಿದ್ದೇನೆ.

ಒಬ್ಬರೇ ಗಿರಾಕಿಯ ಮೇಲೆ ಭಾರ ಹಾಕಬೇಡಿ

2025ರ ಫೆಬ್ರುವರಿಯಲ್ಲಿ, ಸಿನಿಮಾಗಳಿಗೆ ವಿಎಫ್ಎಕ್ಸ್ ಮತ್ತು ಅನಿಮೇಷನ್ ಮಾಡುತ್ತಿದ್ದ ದೊಡ್ಡ ಕಂಪನಿ ಟೆಕ್ನಿಕಲರ್ ಸಮೂಹ ಕುಸಿದಾಗ ಲಂಡನ್ನಿನ ಕಲಾವಿದರೂ ಬೆಂಗಳೂರಿನ ಕಲಾವಿದರೂ ಒಂದೇ ಹೊತ್ತಿಗೆ ಬೀದಿಗೆ ಬಂದರು. ಅವರಲ್ಲಿ ನನ್ನ ಜೊತೆ ಕೆಲಸ ಕಲಿತವರಿದ್ದರು. ದೊಡ್ಡ ಮರದ ನೆರಳು ಶಾಶ್ವತ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಬ್ಲೂ ಝೂ ಸ್ವಂತ ಪಾತ್ರಗಳ ಜೊತೆಗೆ ಬೇರೆಯವರ ಪಾತ್ರಗಳನ್ನೂ ಮಾಡುತ್ತ ಬಂದಿದೆ. ಆದರೆ ಕಲಿಯಲು ಏನಾದರೂ ಇರುವಂಥವನ್ನು. 2015ರಲ್ಲಿ ಡಚ್ ಕಲಾವಿದ ಡಿಕ್ ಬ್ರೂನಾ ಅವರ ಮೊಲದ ಮರಿ ಮಿಫಿ. ನಾಲ್ಕಾರು ಗೆರೆಗಳ ಚಪ್ಪಟೆ ಚಿತ್ರಕ್ಕೆ ಮೂರು ಆಯಾಮ ಕೊಟ್ಟರೂ ಆ ಸರಳತೆ ಕೆಡಬಾರದು. ನಂತರ ಫ್ರಾನ್ಸಿನ ಸಿನಿಮಾ ಕಂಪನಿ ಸ್ಟುಡಿಯೊಕೆನಾಲ್‌ಗಾಗಿ ಪ್ಯಾಡಿಂಗ್ಟನ್ ಕರಡಿ. ಇಲ್ಲಿ ಮೈತುಂಬ ರೋಮ, ಮೇಲೆ ನೀಲಿ ಕೋಟು, ತಲೆಗೆ ಕೆಂಪು ಟೊಪ್ಪಿಗೆ. ಕೋಟಿನಂಚಿನಲ್ಲಿ ರೋಮ ಒತ್ತಿಹೋಗಬೇಕು, ಬಟ್ಟೆಯೊಳಗಿಂದ ಚುಚ್ಚಿಕೊಂಡು ಹೊರಬರಬಾರದು. ಇಂಥ ಒಂದು ಅಂಚನ್ನು ಸರಿಪಡಿಸಲು ನಾನೇ ವಾರಗಟ್ಟಲೆ ಕುಳಿತದ್ದಿದೆ. ಆದ್ದರಿಂದ ಘನದಿಂದ ರೋಮಕ್ಕೆ ಬರಲು ಒಂದು ತಂಡ ಎಷ್ಟು ಬೆವರು ಸುರಿಸಿರಬೇಕೆಂದು ಬಲ್ಲೆ. ಕರಡಿಯ ಕೆಲಸವೇ ಮೊದಲ ವರ್ಷ ಬಂದಿದ್ದರೆ ಸ್ಟುಡಿಯೊ ಮುಳುಗುತ್ತಿತ್ತು.

ಮತ ಹಾಕಿಸಿ

ನನಗೆ ಅತ್ಯಂತ ಇಷ್ಟವಾದ ಪದ್ಧತಿ ಇದು. ಬ್ಲೂ ಝೂದಲ್ಲಿ ಕಿರುಚಿತ್ರ ಮಾಡಲು ಸ್ಟುಡಿಯೊದ ಯಾರು ಬೇಕಾದರೂ ಕಥೆ ಮುಂದಿಡಬಹುದು. ಸಿಬ್ಬಂದಿಯೇ ಮತ ಹಾಕಿ ಆರಿಸುತ್ತಾರೆ. ಗೆದ್ದವರು ನಿರ್ದೇಶಿಸುತ್ತಾರೆ. ಹೊಸ ತಂತ್ರವೊಂದನ್ನು ಗಿರಾಕಿಯ ದುಡ್ಡಿನ ಮೇಲೆ ಪ್ರಯೋಗಿಸುವ ಬದಲು ಈ ಕಿರುಚಿತ್ರದಲ್ಲಿ ಪರೀಕ್ಷಿಸಬಹುದು.

ಐದು ಜನರ ತಂಡಕ್ಕೂ ಇದು ಸಾಧ್ಯ. ವರ್ಷಕ್ಕೊಂದು ಸಲ ಎಲ್ಲರೂ ಒಂದೊಂದು ಪುಟದ ಕಥೆ ಹೆಸರಿಲ್ಲದೆ ಗೋಡೆಗೆ ಅಂಟಿಸಿ. ಮೆಚ್ಚಿದ ಕಥೆಗೆ ಚೀಟಿಯಲ್ಲಿ ಮತ ಹಾಕಿ. ಎರಡು ನಿಮಿಷ ಮೀರಬಾರದೆಂದು ಗೆರೆ ಎಳೆಯಿರಿ. ದಿನಕ್ಕೆ ನಾಲ್ಕು ಸೆಕೆಂಡ್ ಮುಗಿಸಿದರೂ ಅದು ಒಬ್ಬ ಅನಿಮೇಟರ್‌ಗೆ 30 ದಿನದ ಕೆಲಸ, ಇಬ್ಬರಿಗೆ ಹದಿನೈದು.