ಗ್ಲೂಕೋಸ್ ಸೆನ್ಸರ್‌ನ ಅಂಕಿಗಳನ್ನು ನಾನು ವಿಶ್ಲೇಷಿಸುವ ಬಗೆ

ತೋಳಿಗೆ ಅಂಟಿಸಿಕೊಳ್ಳುವ ಗ್ಲೂಕೋಸ್ ಸೆನ್ಸರ್‌ಗಳ ದತ್ತಾಂಶವನ್ನು ಮಧುಮೇಹ ತಜ್ಞರೊಬ್ಬರಿಗೆ ವಿಶ್ಲೇಷಿಸಿಕೊಡಲು ನಾನು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ‘ಇಗ್ಲೂ’ ಪ್ಯಾಕೇಜನ್ನು ಬಳಸುತ್ತೇನೆ. ತಯಾರಕರ ಆ್ಯಪ್‌ಗಳೂ ವರದಿ ಕೊಡುತ್ತವೆ. ಆದರೆ ಬೇರೆ ಬೇರೆ ಕಂಪನಿಗಳ ಸೆನ್ಸರ್ ಹಾಕಿಕೊಂಡ ರೋಗಿಗಳನ್ನು ಅಲ್ಲಿ ಒಟ್ಟಿಗೆ ನೋಡುವುದು ಕಷ್ಟ, ಲೆಕ್ಕ ಹೇಗಾಯಿತೆಂದು ತಿಳಿಯುವುದು ಇನ್ನೂ ಕಷ್ಟ. ಇಗ್ಲೂ ಉಚಿತ, ಅದರ ಕೋಡ್ ಮುಕ್ತ. ಅದು ಕೇಳುವುದು ಮೂರೇ ಕಾಲಂ: ರೋಗಿಯ ಗುರುತು, ಸಮಯ, ಗ್ಲೂಕೋಸ್ ಮಟ್ಟ.

ಆ ಮೂರನ್ನು ಸರಿಯಾಗಿ ಕೂರಿಸುವುದರಲ್ಲೇ ನನ್ನ ಹೆಚ್ಚಿನ ಸಮಯ ಹೋಗುತ್ತದೆ. ಸ್ಕ್ಯಾನ್ ಮಾಡುವ ಬಗೆಯ ಲಿಬ್ರೆ ಸೆನ್ಸರ್‌ನ ಫೈಲ್‌ನಲ್ಲಿ, ಅದು 15 ನಿಮಿಷಕ್ಕೊಮ್ಮೆ ತಾನಾಗಿ ದಾಖಲಿಸಿದ ಅಂಕಿಗಳೂ ರೋಗಿ ಸ್ಕ್ಯಾನ್ ಮಾಡಿದಾಗ ಬಂದ ಅಂಕಿಗಳೂ ಬೆರೆತಿರುತ್ತವೆ. ಜನ ಮೈ ನಡುಗಿದಾಗಲೋ ಹಬ್ಬದೂಟ ಮುಗಿಸಿದ ಮೇಲೋ ಪದೇಪದೇ ಸ್ಕ್ಯಾನ್ ಮಾಡುವುದುಂಟು. ಎರಡನ್ನೂ ಸೇರಿಸಿದರೆ ಸರಾಸರಿ ಒಂದು ಕಡೆಗೆ ವಾಲುತ್ತದೆ. ಆದ್ದರಿಂದ ‘ರೆಕಾರ್ಡ್ ಟೈಪ್’ 0 ಎಂದಿರುವ ಸಾಲುಗಳನ್ನಷ್ಟೇ ಉಳಿಸಿಕೊಳ್ಳುತ್ತೇನೆ. ಡೆಕ್ಸ್‌ಕಾಮ್ ಎಂಬ ಇನ್ನೊಂದು ಕಂಪನಿಯ ಸೆನ್ಸರ್‌ನಲ್ಲಿ 5 ನಿಮಿಷಕ್ಕೊಂದರಂತೆ ದಿನಕ್ಕೆ 288 ಅಂಕಿಗಳು. ಮಟ್ಟ 40 ಮಿ.ಗ್ರಾಂ/ಡೆ.ಲೀ.ಗಿಂತ ಇಳಿದರೆ ಮಾತ್ರ ಅಂಕಿಯ ಬದಲು ‘ಲೋ’ ಎಂಬ ಪದ ಬರುತ್ತದೆ. ಅದನ್ನು ಖಾಲಿ ಜಾಗವೆಂದು ಬಿಟ್ಟರೆ ರೋಗಿಯ ಅತಿ ಅಪಾಯದ ಗಳಿಗೆಯೇ ಲೆಕ್ಕದಿಂದ ತಪ್ಪಿಹೋಗುತ್ತದೆ. ಹಾಗಾಗಿ ‘ಲೋ’ಗೆ 39, 400 ಮೀರಿದಾಗ ಬರುವ ‘ಹೈ’ಗೆ 401 ಎಂದು ತುಂಬುತ್ತೇನೆ. 05-06 ಎಂದರೆ ಜೂನ್ 5 ಎಂದೋ ಮೇ 6 ಎಂದೋ ಎಂಬುದನ್ನೂ ಮೊದಲೇ ಖಚಿತಪಡಿಸಿಕೊಳ್ಳಬೇಕು.

ಇಷ್ಟಾದ ಮೇಲೆ ಉಳಿದದ್ದು ಸುಲಭ. 14 ದಿನಗಳಲ್ಲಿ ಕನಿಷ್ಠ 70% ಅಂಕಿಗಳಾದರೂ ಇವೆಯೇ ಎಂದು ನೋಡಿ, 2019ರ ಅಂತರರಾಷ್ಟ್ರೀಯ ಒಮ್ಮತದಂತೆ ಗ್ಲೂಕೋಸ್ 70ರಿಂದ 180ರೊಳಗೆ ಇದ್ದ ಸಮಯವನ್ನು ಲೆಕ್ಕ ಹಾಕುತ್ತೇನೆ. ಸಾಮಾನ್ಯವಾಗಿ ವಯಸ್ಕರಿಗೆ ಇದರ ಗುರಿ 70%ಕ್ಕಿಂತ ಹೆಚ್ಚು. ವೃದ್ಧರಿಗೆ 50% ದಾಟಿದರೆ ಸಾಕು, ಆದರೆ ಸಕ್ಕರೆ 70ಕ್ಕಿಂತ ಇಳಿದ ಸಮಯ ಅವರಲ್ಲಿ 1% ಮೀರಬಾರದು. ಸರಾಸರಿ 150 ಇದ್ದರೆ ಜಿಎಂಐ, ಅಂದರೆ ಆ ಸರಾಸರಿಯಿಂದ ಅಂದಾಜಿಸಿದ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ), 6.9% ಎಂದು ಬರುತ್ತದೆ. ಆ ಸರಾಸರಿ ಸಮನಾದ ದಿನಗಳಿಂದ ಬಂದಿತೋ, ಭಾರೀ ಏರಿಳಿತದಿಂದ ಬಂದಿತೋ ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕಾಗಿ ಸಿವಿ, ಅಂದರೆ ಸರಾಸರಿಗೆ ಹೋಲಿಸಿದಾಗ ಅಂಕಿಗಳ ಏರಿಳಿತದ ಪ್ರಮಾಣ, 36%ರೊಳಗಿದೆಯೇ ಎಂದು ಪಕ್ಕದಲ್ಲೇ ನೋಡುತ್ತೇನೆ. 1970ರಷ್ಟು ಹಳೆಯ ‘ಮೇಜ್’ ಎಂಬ ಏರಿಳಿತದ ಅಳತೆಯ ವಿಷಯದಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಗ್ರಾಫ್ ಮೇಲೆ ಕೈಯಿಂದ ಗುರುತಿಸುತ್ತಿದ್ದ ಶಿಖರ-ಕಣಿವೆಗಳನ್ನು ಒಂದೊಂದು ಸಾಫ್ಟ್‌ವೇರ್ ಒಂದೊಂದು ರೀತಿ ಹುಡುಕುವುದರಿಂದ, ಒಂದೇ ಫೈಲ್‌ಗೆ ಬೇರೆ ಬೇರೆ ಉತ್ತರ ಬರುತ್ತದೆ.

ಸಾಫ್ಟ್‌ವೇರ್ ತಾನಾಗಿ ಬಗೆಹರಿಸಲಾರದ ತೊಡಕೊಂದಿದೆ. ನಡುರಾತ್ರಿ 110ರಲ್ಲಿದ್ದ ರೇಖೆ ತಟ್ಟನೆ 55ಕ್ಕೆ ಬಿದ್ದು, ರೋಗಿ ಏನೂ ತಿನ್ನದಿದ್ದರೂ ಅಷ್ಟೇ ಬೇಗ ಮೇಲೇರಿದರೆ, ಅವರು ಸೆನ್ಸರ್ ಇರುವ ತೋಳಿನ ಮೇಲೆ ಮಲಗಿರುವ ಸಾಧ್ಯತೆ ಹೆಚ್ಚು. ಒತ್ತಡಕ್ಕೆ ಸೆನ್ಸರ್ ಸುಳ್ಳು ಇಳಿತ ತೋರಿಸುತ್ತದೆ. ಅಂಥ ಸಾಲುಗಳನ್ನು ನಾನಾಗಿ ಅಳಿಸುವುದಿಲ್ಲ. ಗುರುತು ಹಾಕಿ, ಅವು ಸೇರಿದ ಲೆಕ್ಕವನ್ನೂ ಬಿಟ್ಟ ಲೆಕ್ಕವನ್ನೂ ಆ ರಾತ್ರಿಯ ಗ್ರಾಫ್‌ನೊಂದಿಗೆ ಕೊಡುತ್ತೇನೆ. ಡಾಕ್ಟರರು ರೋಗಿಯನ್ನು ಕೇಳಿಕೊಂಡು, ರಾತ್ರಿಯ ಇನ್ಸುಲಿನ್ ಇಳಿಸಬೇಕೇ ಎಂಬುದನ್ನು ನಿರ್ಧರಿಸುತ್ತಾರೆ.