ಟೆಕ್ಸಾಸ್‌ನಲ್ಲಿ ಮತ ಹಾಕಲು ಹೊರಟವರಿಗೆ: ಚೀಟಿ ಬರೆದುಕೊಂಡೇ ಹೋಗಿ

ಅಮೆರಿಕದ ಪೌರತ್ವದ ಪ್ರಮಾಣವಚನ ಮುಗಿದ ಕೂಡಲೇ ಮತದಾರರ ಪಟ್ಟಿಯಲ್ಲಿ ಹೆಸರು ತಾನಾಗಿ ಸೇರಿಬಿಡುತ್ತದೆ ಎಂದು ನಮ್ಮವರಲ್ಲಿ ಅನೇಕರು ಅಂದುಕೊಂಡಿದ್ದಾರೆ. ಸೇರುವುದಿಲ್ಲ. ಟೆಕ್ಸಾಸ್‌ನಲ್ಲಂತೂ ಅದು ಪೂರ್ತಿ ನಮ್ಮದೇ ಜವಾಬ್ದಾರಿ. ಪಟ್ಟಿ ಪರಿಷ್ಕರಣೆಗೆಂದು ಪುಸ್ತಕ ಹಿಡಿದು ಮನೆಗೆ ಬರುವ ಶಾಲಾ ಮೇಷ್ಟ್ರು ಇಲ್ಲಿಲ್ಲ. ಚುನಾವಣೆಗೆ 30 ದಿನ ಮೊದಲೇ ಅರ್ಜಿ ಸಲ್ಲಿಸಿರಬೇಕು. ನಾನು ಪೌರನಾದದ್ದು 2024ರ ಬೇಸಿಗೆಯಲ್ಲಿ; ನವೆಂಬರ್ 5ರ ಚುನಾವಣೆಗೆ, ಅಕ್ಟೋಬರ್ 6 ಭಾನುವಾರವಾದ್ದರಿಂದ, ಅಕ್ಟೋಬರ್ 7 ಕೊನೆಯ ದಿನವಾಗಿತ್ತು. ಅಕ್ಟೋಬರ್ 8ಕ್ಕೆ ಎಚ್ಚೆತ್ತವರು ಅಧ್ಯಕ್ಷರ ಆಯ್ಕೆಯನ್ನು ಟಿವಿಯಲ್ಲಿ ನೋಡಬೇಕಾಯಿತು, ಅಷ್ಟೇ.

ಬೇರೆ ಹೆಚ್ಚಿನ ರಾಜ್ಯಗಳಲ್ಲಿ ಇದು ಕಂಪ್ಯೂಟರಿನ ಮುಂದೆ ಕುಳಿತು ಮುಗಿಸುವ ಕೆಲಸ. ಟೆಕ್ಸಾಸ್‌ನಲ್ಲಿ ಹಾಗಲ್ಲ. ರಾಜ್ಯದ ಜಾಲತಾಣದಲ್ಲಿ ಅರ್ಜಿ ತುಂಬಬಹುದು, ಆದರೆ ಅದನ್ನು ಮುದ್ರಿಸಿ, ಸಹಿ ಹಾಕಿ, ಅಂಚೆಗೆ ಹಾಕಬೇಕು, ಇಲ್ಲವೇ ಖುದ್ದಾಗಿ ಕೊಡಬೇಕು. ಡ್ರೈವಿಂಗ್ ಲೈಸೆನ್ಸನ್ನು ಆನ್‌ಲೈನ್‌ನಲ್ಲಿ ನವೀಕರಿಸುವಾಗ ಮಾತ್ರ ನೋಂದಣಿಯೂ ಅಲ್ಲೇ ಆಗುತ್ತದೆ. ನನ್ನ ಲೈಸೆನ್ಸಿಗೆ ಇನ್ನೂ ಅವಧಿಯಿತ್ತು. ಹಾಗಾಗಿ ನಾನಿರುವ ಪ್ಲೇನೊ ನಗರದ ಗ್ರಂಥಾಲಯದಲ್ಲಿ ಇಟ್ಟಿದ್ದ, ಅಂಚೆ ವೆಚ್ಚವನ್ನು ಸರ್ಕಾರವೇ ಭರಿಸುವ ಅರ್ಜಿಯನ್ನು ತಂದು ತುಂಬಿದೆ. ಕೌಂಟಿ, ಅಂದರೆ ಇಲ್ಲಿನ ಜಿಲ್ಲಾಡಳಿತ, ನೇಮಿಸಿದ ಸ್ವಯಂಸೇವಕರೂ ಅರ್ಜಿ ತುಂಬಿಸಿಕೊಳ್ಳುತ್ತಾರೆ. ಅವರು ಅದನ್ನು ಐದು ದಿನದೊಳಗೆ ಕೌಂಟಿಗೆ ಮುಟ್ಟಿಸಬೇಕೆಂಬ ನಿಯಮವಿದೆ. ಅಂಗಡಿ ಮುಂದೆ ಯಾರೋ ಅರ್ಜಿ ಕೇಳಿದರೆ ಅವರ ನೇಮಕ ಪತ್ರ ತೋರಿಸಲು ಹೇಳಿ, ಸಂಕೋಚ ಬೇಡ.

ಅರ್ಜಿ ಚಿಕ್ಕದು. ಪೌರರೇ? ಚುನಾವಣೆಯ ದಿನಕ್ಕೆ 18 ತುಂಬಿರುತ್ತದೆಯೇ? ವಿಳಾಸ, ಹುಟ್ಟಿದ ದಿನ, ಲೈಸೆನ್ಸಿನ ಸಂಖ್ಯೆ, ಅದಿಲ್ಲದಿದ್ದರೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ, ಸಹಿ. ನಮ್ಮವರಿಗೆ ಪೆನ್ನು ನಿಲ್ಲುವುದು ಹೆಸರಿನ ಸಾಲಿನಲ್ಲಿ. ಊರಿನ ಹೆಸರು, ಅಪ್ಪನ ಹೆಸರು, ಆಮೇಲೆ ತನ್ನ ಹೆಸರು ಎಂಬ ನಮ್ಮ ಕ್ರಮ ಇಲ್ಲಿನ ಮೂರು ಖಾನೆಗಳಿಗೆ ಹೊಂದುವುದೇ ಇಲ್ಲ. ನನ್ನ ಲೈಸೆನ್ಸಿನಲ್ಲಿ ಊರಿನ ಹೆಸರು ಮನೆತನದ ಹೆಸರಾಗಿ ಕುಳಿತಿತ್ತು, ಅಪ್ಪನ ಹೆಸರು ಒಂದೇ ಅಕ್ಷರಕ್ಕೆ ಇಳಿದಿತ್ತು. ಪೌರತ್ವ ಪತ್ರದಲ್ಲಿ ಎಲ್ಲವೂ ಪೂರ್ತಿಯಾಗಿತ್ತು. ನೋಂದಣಿಗೆ ಪೌರತ್ವ ಪತ್ರದಲ್ಲಿದ್ದಂತೆಯೇ ಬರೆದೆ. ಮತಗಟ್ಟೆಯಲ್ಲಿ ಏನಾಯಿತೆಂದು ಮುಂದೆ ಹೇಳುತ್ತೇನೆ.

ಗ್ರೀನ್ ಕಾರ್ಡ್ ಇರುವವರು ಇಲ್ಲಿ ಸ್ವಲ್ಪ ನಿಂತು ಓದಬೇಕು. ಲೈಸೆನ್ಸಿನ ಕಚೇರಿಯಲ್ಲಿ ಬೇರೆ ಹತ್ತು ಪ್ರಶ್ನೆಗಳ ನಡುವೆ, ಮತದಾರರಾಗಿ ನೋಂದಾಯಿಸಿಕೊಳ್ಳುತ್ತೀರಾ ಎಂದೂ ಕೇಳುತ್ತಾರೆ. ದಾವಣಗೆರೆ ಕಡೆಯ ಗೆಳೆಯರೊಬ್ಬರು, "ಹೂಂ ಅಂದರೆ ಏನಾಗುತ್ತದೆ ರಾಯರೇ, ಅರ್ಹತೆ ಇಲ್ಲದಿದ್ದರೆ ಅವರೇ ತಳ್ಳಿಹಾಕುತ್ತಾರಲ್ಲ?" ಎಂದರು. ಹಾಗೆ ನಂಬಿಕೊಂಡು ಕೂರುವಂತಿಲ್ಲ. ಪೌರರಲ್ಲದವರು ಫೆಡರಲ್ (ಕೇಂದ್ರ) ಸರ್ಕಾರದ ಚುನಾವಣೆಯಲ್ಲಿ ಮತ ಹಾಕುವುದು ಅಪರಾಧ. ಪೌರತ್ವದ ಎನ್-400 ಅರ್ಜಿಯಲ್ಲೂ ಎಂದಾದರೂ ನೋಂದಾಯಿಸಿಕೊಂಡಿದ್ದೀರಾ, ಮತ ಹಾಕಿದ್ದೀರಾ ಎಂಬ ನೇರ ಪ್ರಶ್ನೆಯಿದೆ. ದೇಶದಿಂದ ಹೊರಹಾಕುವವರೆಗೂ ವಿಷಯ ಹೋಗಬಹುದು. ಸ್ಪಷ್ಟವಾಗಿ "ಇಲ್ಲ" ಎನ್ನಿ, ಮುದ್ರಿತ ಪ್ರತಿಯಲ್ಲೂ "ಇಲ್ಲ" ಎಂದೇ ಇದೆಯೇ ನೋಡಿ, ಆಮೇಲೆ ಸಹಿ ಹಾಕಿ.

ಹೊಸ ಪೌರರಿಗೆ ಇನ್ನೊಂದು ತೊಡಕು ಇದೆ. 2019ರ ಜನವರಿಯಲ್ಲಿ ಟೆಕ್ಸಾಸ್‌ನ ಚುನಾವಣೆಗಳನ್ನು ನೋಡಿಕೊಳ್ಳುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ, ಲೈಸೆನ್ಸಿನ ದಾಖಲೆಗಳ ಪ್ರಕಾರ ಸುಮಾರು 95,000 ಮತದಾರರು ಪೌರರಲ್ಲದಿರಬಹುದು ಎಂದು ಘೋಷಿಸಿತು. ನೋಡಿದರೆ ಅವರಲ್ಲಿ ಬಹಳಷ್ಟು ಮಂದಿ ಗ್ರೀನ್ ಕಾರ್ಡ್ ಇದ್ದಾಗ ಲೈಸೆನ್ಸ್ ಪಡೆದು, ಆಮೇಲೆ ಪೌರರಾದವರು. ಮೊಕದ್ದಮೆಗಳಾದವು, ಏಪ್ರಿಲ್‌ನಲ್ಲಿ ರಾಜಿಯಾಯಿತು, ಆ ಪಟ್ಟಿಯನ್ನು ಕೈಬಿಟ್ಟರು. ಅದನ್ನು ಓದಿದ್ದರಿಂದಲೇ ನಾನು ಪೌರತ್ವ ಪತ್ರ ಹಿಡಿದು ಲೈಸೆನ್ಸಿನ ಕಚೇರಿಗೆ ಹೋಗಿ ದಾಖಲೆ ತಿದ್ದಿಸಿಕೊಂಡೆ. ಸರದಿಯಲ್ಲಿ ಬೇಸರವಾಯಿತು, ನಿಜ. ಆದರೆ ಪೌರತ್ವ ಸಾಬೀತುಪಡಿಸಿ ಎಂಬ ಪತ್ರ ಮನೆಗೆ ಬಂದ ಮೇಲೆ ಓಡಾಡುವುದಕ್ಕಿಂತ ಇದು ಮೇಲು.

ಊರಿನ ಪಟ್ಟಿಯ ಮಾತೂ ಇಲ್ಲೇ ಮುಗಿಸುತ್ತೇನೆ. ಬೇರೆ ದೇಶದ ಪೌರತ್ವ ಪಡೆದ ಕ್ಷಣ ಭಾರತದ ಪೌರತ್ವ ಹೋಗುತ್ತದೆ, ಅದರೊಂದಿಗೆ ಅಲ್ಲಿನ ಮತವೂ. ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡಿಗೆ ಮತದ ಹಕ್ಕಿಲ್ಲ. ಊರಿನ ಪಟ್ಟಿಯಲ್ಲಿ ಹೆಸರು ಉಳಿದಿದ್ದರೆ ನಮೂನೆ 7 ಕೊಟ್ಟು ತೆಗೆಸಬೇಕು. ಇನ್ನೂ ಭಾರತದ ಪಾಸ್‌ಪೋರ್ಟ್ ಇರುವ ವೀಸಾದವರು ನಮೂನೆ 6ಎ ಮೂಲಕ ಅಲ್ಲಿಯೇ ಮತದಾರರಾಗಬಹುದು, ಆದರೆ ಮತ ಹಾಕಲು ಖುದ್ದಾಗಿ ಊರಿಗೆ ಹೋಗಬೇಕು.

ಕೆಲವು ವಾರಗಳ ನಂತರ ಮತದಾರನ ಕಾರ್ಡು ಅಂಚೆಯಲ್ಲಿ ಬಂತು. ಫೋಟೋ ಇಲ್ಲದ ಸಾದಾ ರಟ್ಟು; ಅದರ ಮೇಲೆ ಪ್ರಿಸಿಂಕ್ಟ್ (ಮತದಾನದ ಚಿಕ್ಕ ವಲಯ) ಸಂಖ್ಯೆ, ನಾನು ಯಾವ ಯಾವ ಕ್ಷೇತ್ರಕ್ಕೆ ಸೇರಿದವನು ಎಂಬ ವಿವರ. ಎರಡು ವರ್ಷಕ್ಕೊಮ್ಮೆ ಹೊಸದು ಕಳುಹಿಸುತ್ತಾರೆ. ಮನೆ ಬದಲಿಸಿ ವಿಳಾಸ ತಿಳಿಸದಿದ್ದರೆ ಅದು ಕೌಂಟಿಗೆ ಮರಳಿ ಹೋಗುತ್ತದೆ, ಹೆಸರು ಅಮಾನತು ಪಟ್ಟಿಗೆ ಬೀಳುತ್ತದೆ. ಅಪಾರ್ಟ್‌ಮೆಂಟ್‌ನಿಂದ ಅಪಾರ್ಟ್‌ಮೆಂಟ್‌ಗೆ ಅಲೆಯುವವರು ಇದನ್ನು ಮರೆಯಬಾರದು.

ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ಊರಿನಲ್ಲಿ ಮತ ಹಾಕುವುದೆಂದರೆ ಒಂದು ಗುಂಡಿ ಒತ್ತಿ, ಒಂದು ಬೀಪ್ ಕೇಳಿ, ಬೆರಳಿಗೆ ಮೈಸೂರಿನ ಶಾಯಿ ಹಚ್ಚಿಸಿಕೊಂಡು ಹೊರಬರುವುದು. ಇಲ್ಲಿ ಕೌಂಟಿಯ ಜಾಲತಾಣದಲ್ಲಿ ನನ್ನ ಮಾದರಿ ಮತಪತ್ರ ತೆರೆದರೆ ಮುಗಿಯುವುದೇ ಇಲ್ಲ. ಮೊದಲು ಅಧ್ಯಕ್ಷರು. ಆಮೇಲೆ ಟೆಡ್ ಕ್ರೂಜ್ ಮತ್ತು ಕಾಲಿನ್ ಆಲ್‌ರೆಡ್ ಸೆಣಸಿದ ಸೆನೆಟ್ ಸ್ಥಾನ, ಅಂದರೆ ಸಂಸತ್ತಿನ ಮೇಲ್ಮನೆ, ಆಮೇಲೆ ಅದರ ಕೆಳಮನೆ. ಅಲ್ಲಿಗೆ ಪತ್ರಿಕೆಗಳಲ್ಲಿ ಓದಿದ ಹೆಸರುಗಳು ಮುಗಿದವು. ನಂತರ ರೈಲ್‌ರೋಡ್ ಕಮಿಷನರ್: ಈ ಆಯೋಗಕ್ಕೂ ರೈಲಿಗೂ ಈಗ ಸಂಬಂಧವಿಲ್ಲ, ಅದು ನೋಡಿಕೊಳ್ಳುವುದು ಟೆಕ್ಸಾಸ್‌ನ ತೈಲ ಮತ್ತು ಅನಿಲವನ್ನು. ಆಮೇಲೆ ನ್ಯಾಯಾಧೀಶರು, ನ್ಯಾಯಾಧೀಶರು, ಮತ್ತೂ ನ್ಯಾಯಾಧೀಶರು. ಈ ರಾಜ್ಯಕ್ಕೆ ಎರಡು ಅತ್ಯುನ್ನತ ನ್ಯಾಯಾಲಯಗಳಿವೆ, ಸಿವಿಲ್‌ಗೆ ಒಂದು, ಕ್ರಿಮಿನಲ್‌ಗೆ ಒಂದು. ಆ ವರ್ಷ ಎರಡರಲ್ಲೂ ಮೂರು ಮೂರು ಸ್ಥಾನ. ಕೆಳಗೆ ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಶೆರೀಫ್, ತೆರಿಗೆ ಅಧಿಕಾರಿ, ಕಾನ್‌ಸ್ಟೇಬಲ್. ನ್ಯಾಯಾಧೀಶರು ಪಕ್ಷದ ಚಿಹ್ನೆ ಹೊತ್ತು ಮತ ಕೇಳುವುದು ನನಗೆ ಇಂದಿಗೂ ಸರಿ ಕಂಡಿಲ್ಲ, ಆದರೆ ಖಾಲಿ ಬಿಟ್ಟರೆ ಬೇರೆಯವರು ಆರಿಸುತ್ತಾರೆ.

ಒಂದೇ ಗುಂಡಿಯಲ್ಲಿ ಇಡೀ ಪಕ್ಷಕ್ಕೆ ಮತ ಹಾಕುವ ಅನುಕೂಲ 2020ರಿಂದ ಟೆಕ್ಸಾಸ್‌ನಲ್ಲಿ ಇಲ್ಲ. ಪ್ರತಿ ಸ್ಥಾನಕ್ಕೂ ಬೇರೆ ಬೇರೆಯಾಗಿಯೇ ಆರಿಸಬೇಕು. ಮತಗಟ್ಟೆಯ ಒಳಗೆ ಮೊಬೈಲ್ ಬಳಸುವಂತಿಲ್ಲ. ಮತಯಂತ್ರಗಳಿಂದ 100 ಅಡಿಯೊಳಗೆ ಅದು ನಿಷಿದ್ಧ. ಕಾಗದದಲ್ಲಿ ಬರೆದದ್ದನ್ನು ಮಾತ್ರ ಒಯ್ಯಬಹುದು. ಚೀಟಿ ಒಯ್ಯಲು ಬಿಡುವ ಪರೀಕ್ಷೆ ಎಂದುಕೊಳ್ಳಿ. ನಾನು ಮತ್ತು ಮನೆಯವಳು ಊಟದ ಮೇಜಿನ ಮೇಲೆ ಮಾದರಿ ಮತಪತ್ರ ಹರಡಿಕೊಂಡು ಕುಳಿತೆವು. ಲೀಗ್ ಆಫ್ ವಿಮೆನ್ ವೋಟರ್ಸ್ ಸಂಸ್ಥೆ ಒಂದು ಸ್ಥಾನದ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆಗಳನ್ನು ಕಳುಹಿಸಿ ಉತ್ತರಗಳನ್ನು ಅಕ್ಕಪಕ್ಕ ಅಚ್ಚು ಹಾಕುತ್ತದೆ. ಉತ್ತರವನ್ನೇ ಕೊಡದವರ ಖಾನೆ ಖಾಲಿ. ಕೆಳಗಿನ ಸ್ಥಾನಗಳಿಗೆ ಅದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ. ಇಬ್ಬರೂ ಒಂದೇ ಪುಟ ಓದಿದೆವು, ಚೀಟಿ ಬೇರೆ ಬೇರೆ ಬರೆದುಕೊಂಡೆವು.

ನವೆಂಬರ್ 5 ಮಂಗಳವಾರ, ಕೆಲಸದ ದಿನ. ಆದ್ದರಿಂದ ಅಕ್ಟೋಬರ್ 21ರಿಂದ ನವೆಂಬರ್ 1ರವರೆಗಿನ ಮುಂಚಿತ ಮತದಾನದಲ್ಲೇ ಮುಗಿಸಿದೆವು. ನಮ್ಮ ಪ್ಲೇನೊ ಸೇರಿರುವ ಕಾಲಿನ್ ಕೌಂಟಿಯಲ್ಲಿ ಇರುವವರು ಕೌಂಟಿಯ ಯಾವ ಕೇಂದ್ರದಲ್ಲಿ ಬೇಕಾದರೂ ಮತ ಹಾಕಬಹುದು. ವಾರದ ನಡುವೆ ಮಧ್ಯಾಹ್ನ ಹೋದರೆ ಸಾಲು ಚಿಕ್ಕದು.

ಗುರುತಿಗೆ ಏಳು ಬಗೆಯ ದಾಖಲೆಗಳು ನಡೆಯುತ್ತವೆ. ಲೈಸೆನ್ಸ್, ಪಾಸ್‌ಪೋರ್ಟ್, ಫೋಟೋ ಇರುವ ಪೌರತ್ವ ಪತ್ರ ಆ ಪಟ್ಟಿಯಲ್ಲಿವೆ. ಪಿಸ್ತೂಲಿನ ಪರವಾನಗಿಯೂ ಇದೆ, ವಿಶ್ವವಿದ್ಯಾಲಯದ ಗುರುತಿನ ಚೀಟಿ ಇಲ್ಲ. ಟೆಕ್ಸಾಸ್ ಎಂದರೆ ಇದೇ. ನಾನು ಲೈಸೆನ್ಸ್ ಕೊಟ್ಟೆ. ಮೇಜಿನ ಹಿಂದಿದ್ದ ವೃದ್ಧೆ ಒಮ್ಮೆ ಅದನ್ನು, ಒಮ್ಮೆ ತಮ್ಮ ಪರದೆಯನ್ನು ನೋಡಿದರು. ನನ್ನ ಅಪ್ಪನ ಹೆಸರಿನ ಮೇಲೆ ಬೆರಳು ನಿಂತಿತು. ಹೆಸರುಗಳು ಅಕ್ಷರಶಃ ಒಂದೇ ಆಗಿರದಿದ್ದರೂ ಬಹುಮಟ್ಟಿಗೆ ಹೊಂದಿದರೆ ಸಾಕು ಎಂದು ಕಾನೂನೇ ಹೇಳುತ್ತದೆ. "ಇಬ್ಬರೂ ನೀವೇ ಎಂದು ಇಲ್ಲಿ ಗುರುತು ಹಾಕಿ," ಎಂದರು. ಚಿಕ್ಕ ಚೌಕದಲ್ಲಿ ಇನಿಷಿಯಲ್ ಹಾಕಿದೆ. ಲೈಸೆನ್ಸಿನ ವಿಳಾಸ ಹಳೆಯದಾಗಿದ್ದರೂ ತೊಂದರೆಯಿಲ್ಲ, ಪಟ್ಟಿಯ ವಿಳಾಸ ಸರಿಯಿದ್ದರೆ ಸಾಕು.

ಕೊಟ್ಟ ಖಾಲಿ ಕಾರ್ಡನ್ನು ಯಂತ್ರಕ್ಕೆ ತೂರಿಸಿ, ಪರದೆಯ ಮೇಲೆ ಒಂದೊಂದಾಗಿ ಆರಿಸಿದೆ. ಕೊನೆಗೆ ಆಯ್ಕೆಗಳು ಅದೇ ಕಾರ್ಡಿನ ಮೇಲೆ ಮುದ್ರಣವಾಗಿ ಹೊರಬಂದವು. ಇಂಥ ಕಾರ್ಡನ್ನು ಹೆಚ್ಚಿನವರು ಓದದೆ ಸೀದಾ ಎಣಿಕೆ ಯಂತ್ರಕ್ಕೆ ಹಾಕುತ್ತಾರೆ. ಓದಿ. ತಪ್ಪಿದ್ದರೆ ಆ ಕಾರ್ಡನ್ನು ರದ್ದು ಮಾಡಿ ಬೇರೆ ಕೊಡುತ್ತಾರೆ; ಎಣಿಕೆ ಯಂತ್ರ ಒಳಗೆಳೆದುಕೊಂಡ ಮೇಲೆ ಏನೂ ಮಾಡಲಾಗದು.

ಇಂಗ್ಲಿಷ್ ಸುಲಭವಲ್ಲದ ಅಪ್ಪ ಅಮ್ಮಂದಿರು ಪೌರರಾಗಿದ್ದರೆ ಅವರೊಂದಿಗೆ ನೀವೇ ಒಳಗೆ ಹೋಗಿ ಓದಿ ಹೇಳಬಹುದು. ಮೊದಲು ಒಂದು ಪ್ರತಿಜ್ಞೆ ಮಾಡಬೇಕು. ಅವರ ಉದ್ಯೋಗದಾತ ಅಥವಾ ಯೂನಿಯನ್ ಪ್ರತಿನಿಧಿ ಮಾತ್ರ ನೆರವಾಗುವಂತಿಲ್ಲ. 2014ರಲ್ಲಿ ವಿಲಿಯಮ್ಸನ್ ಕೌಂಟಿಯಲ್ಲಿ ಭಾರತ ಮೂಲದ ಬಂಗಾಳಿ ತಾಯಿಯೊಬ್ಬರಿಗೆ ಮಗ ಅನುವಾದಿಸಿ ಹೇಳುವುದನ್ನು, ಮಗನ ಹೆಸರು ಪಕ್ಕದ ಕೌಂಟಿಯ ಪಟ್ಟಿಯಲ್ಲಿದೆ ಎಂದು ತಡೆದಿದ್ದರು. ಆ ನಿರ್ಬಂಧ ಸಲ್ಲದು ಎಂದು 2017ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿತು. 65 ತುಂಬಿದವರು ಅಂಚೆ ಮತವನ್ನೂ ಕೇಳಬಹುದು. 2021ರ ಕಾನೂನಿನ ನಂತರ ಅರ್ಜಿಯಲ್ಲೂ ಲಕೋಟೆಯಲ್ಲೂ ಲೈಸೆನ್ಸ್ ಅಥವಾ ಸೋಷಿಯಲ್ ಸೆಕ್ಯುರಿಟಿ ಅಂಕಿ ಬರೆಯಬೇಕು. ಆ ಖಾನೆ ಲಕೋಟೆಯ ಮುಚ್ಚಳದ ಕೆಳಗಿರುತ್ತದೆ, ಹುಡುಕಿ.

ನವೆಂಬರ್ ಮುಗಿದ ಮೇಲೆ ನಮ್ಮವರು ಮತದಾನವನ್ನೇ ಮರೆಯುತ್ತಾರೆ. ನಗರ ಸಭೆ ಮತ್ತು ಶಾಲಾ ಮಂಡಳಿಯ ಚುನಾವಣೆಗಳು ಬಹಳ ಕಡೆ ನಡೆಯುವುದು ಮೇ ತಿಂಗಳ ಮೊದಲ ಶನಿವಾರ. ಮತಗಟ್ಟೆ ಬಿಕೋ ಎನ್ನುತ್ತಿರುತ್ತದೆ. ಟೆಕ್ಸಾಸ್‌ನಲ್ಲಿ ರಾಜ್ಯ ಆದಾಯ ತೆರಿಗೆ ಇಲ್ಲ, ಅದರ ಬದಲು ಮನೆಯ ತೆರಿಗೆ ಹಿಂಡುತ್ತದೆ, ಅದರಲ್ಲಿ ಸಾಮಾನ್ಯವಾಗಿ ದೊಡ್ಡ ಪಾಲು ಸರ್ಕಾರಿ ಶಾಲೆಗಳನ್ನು ನಡೆಸುವ ಶಾಲಾ ಜಿಲ್ಲೆಯದು. ಶಾಲೆಗಾಗಿ ಸಾಲ ಎತ್ತುವ ಸಾಲಪತ್ರದ (ಬಾಂಡ್) ಪ್ರಸ್ತಾಪ ಮತಪತ್ರದಲ್ಲಿ ಬಂದರೆ "ಇದು ಆಸ್ತಿ ತೆರಿಗೆಯ ಏರಿಕೆ" ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ತೆರಿಗೆಯ ದರ ಏರದಿದ್ದರೂ ಹಾಗೆ ಬರೆಯಲೇಬೇಕೆಂದು 2019ರ ಕಾನೂನು. ಆ ಸಾಲು ನೋಡಿ ಬೆಚ್ಚಿ ಬೇಡ ಎಂದು ಒತ್ತುವ ಮೊದಲು ಶಾಲಾ ಜಿಲ್ಲೆಯ ಜಾಲತಾಣದಲ್ಲಿ ದರ ಎಷ್ಟಿತ್ತು, ಎಷ್ಟಾಗುತ್ತದೆ, ಹಣ ತರಗತಿ ಕೊಠಡಿಗೋ ಫುಟ್‌ಬಾಲ್ ಕ್ರೀಡಾಂಗಣಕ್ಕೋ ಎಂದು ನೋಡಿ. ನಾನು ಕೊಠಡಿಗೆ ಹೂಂ ಎನ್ನುತ್ತೇನೆ, ಕ್ರೀಡಾಂಗಣಕ್ಕೆ ಇನ್ನೂ ಎಂದಿಲ್ಲ.